ಹದಿನಾಲ್ಕನೇ ಹಾಡು

2006ರ ಶ್ರಾವಣ. ಧಾರವಾಡದ ಜಿಟಿಜಿಟಿ ಮಳೆ ಐದು ದಿನದಿಂದ ಬಿಟ್ಟಿರಲಿಲ್ಲ. ಅಂಚೆಯವನು ಸೈಕಲ್ಲನ್ನು ಕಟ್ಟೆಗೆ ಆನಿಸಿ, ರೇನ್‌ಕೋಟಿನ ಒಳಗಿಂದ ಒಂದು ಖಾಕಿ ಲಕೋಟೆ ತೆಗೆದುಕೊಟ್ಟ. ಒಳಗೆ ಎರಡು ರಟ್ಟು, ರಟ್ಟಿನ ನಡುವೆ ಒಂದು ಸಿ.ಡಿ. ಹಾಡಿನ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ಕಪ್ಪು ಮಾರ್ಕರಿನಲ್ಲಿ ಎರಡೇ ಮಾತು: ರಾತ್ರಿ ಕೇಳಿ.

ತಿರುವಿ ಕಿಟಕಿಯ ಬೆಳಕಿಗೆ ಹಿಡಿದೆ. ಮನೆಯ ಕಂಪ್ಯೂಟರಿನಲ್ಲಿ ಬರೆದ ಸಿ.ಡಿ. ತನ್ನ ಹೊಟ್ಟೆಯನ್ನು ತೋರಿಸಿಕೊಳ್ಳುತ್ತದೆ. ಲೇಸರ್ ಒಳಸುತ್ತಿನಿಂದ ಶುರುಮಾಡಿ ಹೊರಕ್ಕೆ ಬರೆಯುತ್ತ ಬರುತ್ತದೆ; ಬರೆದಷ್ಟು ಜಾಗ ಒಂದು ಛಾಯೆ, ಬರೆಯದೆ ಬಿಟ್ಟದ್ದು ಇನ್ನೊಂದು. ಈ ತಟ್ಟೆಯಲ್ಲಿ ಅಂಚಿಗೆ ಉಗುರಿನ ಗೆರೆಯಷ್ಟೇ ಖಾಲಿ ಉಳಿದಿತ್ತು. ಇರುವುದು 80 ನಿಮಿಷ. ಕಳಿಸಿದವರು ಒಂದು ನಿಮಿಷವನ್ನೂ ಪೋಲು ಮಾಡಿರಲಿಲ್ಲ.

ಅವರನ್ನು ನಾನು ಕಂಡದ್ದು ಒಂದೇ ಸಲ, ಎರಡು ತಿಂಗಳ ಹಿಂದೆ, ಬೆಂಗಳೂರಿನಿಂದ ಬರುವಾಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ. ಎದುರಿನ ಸೀಟು. ಐವತ್ತರ ಆಸುಪಾಸು, ನರೆತ ಗಡ್ಡ. ಅವರ ಕಿವಿಯಲ್ಲೂ ಹೆಡ್‌ಫೋನು, ನನ್ನ ಕಿವಿಯಲ್ಲೂ. ಇಬ್ಬರ ತೊಡೆಯ ಮೇಲೂ ಊಟದ ಡಬ್ಬಿಯಂತೆ ಒಂದೊಂದು ಸಿ.ಡಿ. ಪ್ಲೇಯರು. ಅರಸೀಕೆರೆ ದಾಟಿದ ಮೇಲೆ ಅವರೇ ಮಾತು ತೆಗೆದರು.

“ನೀವೇನು ಕೇಳ್ತಿದ್ದೀರಿ?”

“ಮಲ್ಲಿಕಾರ್ಜುನ ಮನ್ಸೂರರದು ರೀ. ನೀವು?”

“ಹೇಳಲ್ಲ. ಕಳಿಸ್ತೀನಿ. ನೀವೂ ನಿಮ್ಮದೊಂದು ಕಳಿಸಿ. ಪಟ್ಟಿ ಮಾತ್ರ ಬರೀಬೇಡಿ, ಒಂದು ತಿಂಗಳಾದ ಮೇಲೆ ಬರೆಯೋಣ. ಹೆಸರು ಕಂಡರೆ ಕಿವಿ ಮೊದಲೇ ಒಂದು ತೀರ್ಮಾನಕ್ಕೆ ಬಂದುಬಿಡುತ್ತೆ.”

ವಿಳಾಸ ಬರೆದುಕೊಂಡೆವು. ನಸುಕಿನಲ್ಲಿ ನಾನು ಇಳಿಯುವಾಗ ಅವರು ಮುಸುಕೆಳೆದು ಮಲಗಿದ್ದರು.

ನನ್ನ ಪಾಲಿನದನ್ನು ಜೋಡಿಸಲು ಹದಿನೈದು ದಿನ ಹಿಡಿಯಿತು. ಮನ್ಸೂರರನ್ನು ಹಾಕಿದೆ. ಗಂಗೂಬಾಯಿ ಹಾನಗಲ್ಲರ ಎಳೆಯ ಕಾಲದ ದನಿಯನ್ನು ಹಾಕಿದೆ, ಅವರ ಪ್ಲೇಟುಗಳ ಮೇಲೆ ‘ಗಾಂಧಾರಿ ಹುಬ್ಬಳ್ಳಿ’ ಎಂದು ಅಚ್ಚಾಗುತ್ತಿದ್ದ ಕಾಲದ್ದು. ಮೂರು ಚಿಲ್ಲರೆ ನಿಮಿಷದೊಳಗೆ ಇಡೀ ರಾಗ. ಸವದತ್ತಿ ಗುಡ್ಡದಲ್ಲಿ ಟೇಪಿಗೆ ಹಿಡಿದಿದ್ದ ಚೌಡಿಕೆಯ ಹಾಡೊಂದನ್ನು ಹಾಕಿದೆ. ಯಾವುದರ ಹಿಂದೆ ಯಾವುದು ಬರಬೇಕು ಎಂದು ಅಷ್ಟು ತಲೆ ಕೆಡಿಸಿಕೊಂಡದ್ದು ಅದೇ ಮೊದಲು. ಗುರುತಿಲ್ಲದವರ ಕಿವಿಗೆ ನಮ್ಮೂರನ್ನು ಒಪ್ಪಿಸುವುದೆಂದರೆ ಮಗಳನ್ನು ಮೊದಲ ಸಲ ಹಾಸ್ಟೆಲಿಗೆ ಬಿಟ್ಟು ಬಂದಷ್ಟು ಕಳವಳ.

ಅವರ ಸಿ.ಡಿ. ಬಂದ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಪಡಸಾಲೆಯಲ್ಲಿ ದೀಪ ಆರಿಸಿ ಕೂತೆ. ಹೊರಗೆ ಹಂಚಿನಿಂದ ನೀರು ಇಳಿಯುತ್ತಿತ್ತು.

ಮೊದಲನೆಯದು ಎರಡು ವಾದ್ಯಗಳ ಮಾತುಕತೆ. ಒಂದು ಗಿಟಾರು, ನಡಿಗೆ ನಿಧಾನ, ಹೊಲದಿಂದ ಮನೆಗೆ ಬರುವವನ ನಡಿಗೆ. ಇನ್ನೊಂದು ಯಾವುದೆಂದು ತಿಳಿಯಲಿಲ್ಲ. ಸಂತೂರ್ ಎಂದುಕೊಂಡೆ, ಅಲ್ಲ. ಜಲತರಂಗವೂ ಅಲ್ಲ. ತಂತಿ ಹನಿಹನಿಯಾಗಿ ಉದುರುತ್ತಿತ್ತು, ಕೆಳಗೆ ಮಂದ್ರ ಒಂದೇ ಸಮ ತೊಟ್ಟಿಲು ತೂಗುತ್ತಿತ್ತು. ಎರಡನೆಯದರಲ್ಲಿ ಒಂದು ಹೆಣ್ಣುದನಿ, ಅವಸರವೇ ಗೊತ್ತಿಲ್ಲದ ದನಿ. ಭಾಷೆ ಪೋರ್ಚುಗೀಸಿನ ನೆರೆಯದ್ದಿರಬೇಕು ಅನ್ನಿಸಿತು. ಯಾರನ್ನೋ ಹಡಗು ಹತ್ತಿಸಿ ತಿರುಗಿ ಬಂದವಳಂತೆ ಹಾಡುತ್ತಿದ್ದಳು.

ಐದನೆಯದಕ್ಕೆ ಎದ್ದು ಕೂತೆ. ಒಂದು ಗಂಡು ಕಂಠ ತೀರ ತಳದ ಷಡ್ಜಕ್ಕೆ ಇಳಿದು ಗೊರಗುಟ್ಟುತ್ತ ನಿಂತಿತು. ಸ್ವಲ್ಪ ಹೊತ್ತಿಗೆ ಅದರ ಮೇಲೆ, ಬಹಳ ಎತ್ತರದಲ್ಲಿ, ಕೊಳಲಿನಂಥ ಇನ್ನೊಂದು ಸ್ವರ ಎದ್ದು ಓಡಾಡತೊಡಗಿತು. ಇಬ್ಬರಿದ್ದಾರೆ ಎಂದುಕೊಂಡೆ. ಉಸಿರು ಮುಗಿದಾಗ ಎರಡೂ ಒಟ್ಟಿಗೇ ನಿಂತವು. ಮತ್ತೆ ಹಾಕಿ ಕೇಳಿದೆ. ಒಬ್ಬನೇ. ಒಂದೇ ಗಂಟಲು, ಎರಡು ಸ್ವರ.

ಚಿಕ್ಕಂದಿನಲ್ಲಿ ನಮ್ಮ ಗುರುಗಳು ತಂಬೂರಿಯ ಮುಂದೆ ಕೂರಿಸಿ, ಕಣ್ಣು ಮುಚ್ಚು, ಖರ್ಜದ ತಂತಿಯೊಳಗೆ ಗಾಂಧಾರ ಹುಡುಕು ಎನ್ನುತ್ತಿದ್ದರು. ಆ ತಂತಿಗೆ ಗಾಂಧಾರ ಕೂಡಿಸಿರುವುದಿಲ್ಲ, ಅದನ್ನು ಯಾರೂ ಮೀಟುವುದಿಲ್ಲ. ತಂತಿ ಇಡಿಯಾಗಿ ಕಂಪಿಸುವಾಗಲೇ ಅರ್ಧಅರ್ಧವಾಗಿ, ಮೂರು ಪಾಲಾಗಿ, ನಾಲ್ಕು ಪಾಲಾಗಿಯೂ ಕಂಪಿಸುತ್ತದೆ. ಐದರ ಪಾಲಿಗೆ ಗಾಂಧಾರ ಹುಟ್ಟುತ್ತದೆ. ಕುದುರೆಯ ಮೇಲೆ ತಂತಿಯಡಿಗೆ ನೂಲಿಟ್ಟು ಜವಾರಿ ಸರಿಯಾಗಿ ಕೂತರೆ ಅದು ತಾನೇ ಹೊರಗೆ ಬರುತ್ತದೆ. ಸ್ವಯಂಭೂ ಗಾಂಧಾರ ಎಂದು ಅದಕ್ಕೆ ಹೆಸರು. ನನಗೆ ಅದು ಕೇಳಿಸಲು ಎರಡು ವರ್ಷ ಬೇಕಾಗಿತ್ತು. ಇಲ್ಲಿ ಯಾವನೋ ಪುಣ್ಯಾತ್ಮ ಅದೇ ಕೆಲಸವನ್ನು ನಾಲಿಗೆ, ತುಟಿಗಳಿಂದ ಮಾಡುತ್ತಿದ್ದ. ತನ್ನ ಖರ್ಜದೊಳಗಿನ ಸ್ವರಗಳನ್ನು ಒಂದೊಂದಾಗಿ ಹೆಕ್ಕಿ, ಅವುಗಳಿಂದಲೇ ಹಾಡು ಕಟ್ಟುತ್ತಿದ್ದ. ಮೂಲೆಯಲ್ಲಿ ಗವಸು ಹಾಕಿ ನಿಲ್ಲಿಸಿದ್ದ ತಂಬೂರಿಯನ್ನು ಬಿಚ್ಚಿ ಆ ಸರಿರಾತ್ರಿಯಲ್ಲಿ ಶ್ರುತಿ ಮಾಡಿದೆ. ಎಷ್ಟೋ ವರ್ಷಗಳ ಮೇಲೆ ಗಾಂಧಾರ ಕೇಳಿಸಿತು.

ತಿಂಗಳು ತುಂಬಿದ ಮೇಲೆ ಕಾರ್ಡು ಬಂತು, ಸಣ್ಣ ಅಕ್ಷರದ ಪಟ್ಟಿ. ಸೈಬರ್ ಕೆಫೆಯಲ್ಲಿ ಕೂತು ಒಂದೊಂದೇ ಹೆಸರು ಹುಡುಕಿದೆ. ಮೊದಲನೆಯದು ಮಾಲಿ ದೇಶದ ಅಲಿ ಫರ್ಕಾ ಟೂರೆ ಮತ್ತು ತೂಮಾನಿ ಜಬಾತೆ ಬಮಾಕೊ ಊರಿನ ಹೋಟೆಲೊಂದರಲ್ಲಿ, ನೈಜರ್ ನದಿಯ ದಂಡೆಗೆ ಕೂತು ನುಡಿಸಿದ್ದು. ನನಗೆ ಗುರುತು ಸಿಗದ ವಾದ್ಯ ಕೋರಾ: ಅರ್ಧ ಸೋರೆಬುರುಡೆ, ಅದಕ್ಕೆ ಬಿಗಿದ ಆಕಳ ಚರ್ಮ, 21 ತಂತಿ. ಮಿರಜದಲ್ಲಿ ತಂಬೂರಿ ಮಾಡುವವರ ಅಟ್ಟದ ಮೇಲೆ ಸಾಲಾಗಿ ಒಣಗುವ ಬುರುಡೆಗಳು ಕಣ್ಣ ಮುಂದೆ ಬಂದವು. ಟೂರೆ ಆ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ನಾನು ಮೊದಲ ಸಲ ಕೇಳುವ ಹೊತ್ತಿಗೆ ಕೈ ನಿಂತು ಐದು ತಿಂಗಳಾಗಿತ್ತು ಎಂದು ತಿಳಿದು, ಮನೆಯ ಹಿರಿಯರು ಹೋದ ಸುದ್ದಿ ತಡವಾಗಿ ಬಂದಂತೆ ಸಂಕಟವಾಯಿತು. ಹೆಣ್ಣುದನಿ ಕೇಪ್ ವರ್ಡೆ ದ್ವೀಪಗಳ ಸೆಸಾರಿಯಾ ಎವೋರಾ, ಬರಿಗಾಲಿನಲ್ಲೇ ವೇದಿಕೆ ಹತ್ತುತ್ತಿದ್ದ ಗಾಯಕಿ. ಎರಡು ಸ್ವರದ ಗಂಟಲು ಮಂಗೋಲಿಯಾಕ್ಕೆ ಹೊಂದಿಕೊಂಡ ತುವಾ ಸೀಮೆಯ ಹೂನ್-ಹೂರ್-ತು ತಂಡದವರದು.

ಹದಿಮೂರಕ್ಕೂ ಹೆಸರಿತ್ತು. 14 ಎಂಬ ಅಂಕಿಯ ಮುಂದೆ ಏನೂ ಇರಲಿಲ್ಲ.

ಅದು ಸ್ಟುಡಿಯೋದ್ದಲ್ಲ. ಮನೆಯ ಟೇಪ್ ರೆಕಾರ್ಡರಿನ ಸುಂಯ್ ಸದ್ದು, ವಯಸ್ಸಾದ ಹೆಂಗಸೊಬ್ಬರ ದನಿ, ಹಿಂದೆ ಎಲ್ಲೋ ಕುಕ್ಕರು. ನನಗೆ ಬರುವ ಯಾವ ಭಾಷೆಯೂ ಅಲ್ಲ. ಜೋಗುಳವೋ, ಕೆಲಸ ಮಾಡುವಾಗಿನ ಹಾಡೋ. ನಾಲ್ಕೇ ಸ್ವರದಲ್ಲಿ ಸುತ್ತಿ ಸುತ್ತಿ ಬರುತ್ತಿತ್ತು. ಮೂರನೆಯ ಸುತ್ತಿಗೆ ಅವರು ಒಂದು ಕಡೆ ತಪ್ಪಿ, ನಕ್ಕು, ಮತ್ತೆ ಹಿಡಿಯುತ್ತಿದ್ದರು. ನನ್ನ ಸಹಪ್ರಯಾಣಿಕರ ಮನೆಮಾತು ಯಾವುದೆಂದು ನಾನು ಕೇಳಿಯೇ ಇರಲಿಲ್ಲ. ಯಾರ ಹಾಡು ಅದು ಎಂದು ಬರೆದೆ. ಉತ್ತರ ಬರಲಿಲ್ಲ. ಮತ್ತೊಮ್ಮೆ ಬರೆದೆ.

ಈಗ ಆ ತಟ್ಟೆಯ ಬಣ್ಣ ಮಾಸಿದೆ, ಅಂಚಿನಿಂದ ಕೆಡುತ್ತ ಒಳಗೆ ಬರುತ್ತಿದೆ. ಹದಿಮೂರೂ ಹಾಡುಗಳು ಫೋನಿನಲ್ಲಿ ಬೇಕೆಂದಾಗ ಸಿಗುತ್ತವೆ. ಹದಿನಾಲ್ಕನೆಯದಕ್ಕಾಗಿ ಹಳೆಯ ಪ್ಲೇಯರನ್ನು ಇಟ್ಟುಕೊಂಡಿದ್ದೇನೆ. ಮೊನ್ನೆ ಮಳೆ ಹಿಡಿದ ರಾತ್ರಿ ಹಾಕಿದೆ. ಎರಡು ಸುತ್ತು ಬಂತು. ಮೂರನೆಯ ಸುತ್ತಿಗೆ ಅವರು ತಪ್ಪಿದರು, ನಕ್ಕರು. ಆ ನಗೆಯಾದ ಮೇಲೆ ತಟ್ಟೆ ಮುಂದೆ ಹೋಗಲಿಲ್ಲ.