ಹೆಗಲೇರಿದ ಸೊನ್ನೆ

ಒಂದು ಸೊನ್ನೆ! ಬರೀ ಒಂದು ಸೊನ್ನೆ. ಅಕ್ಷರದ ಪಕ್ಕದಲ್ಲಿ ಕಾಲು ಚಾಚಿ ಕೂರುವ ನಮ್ಮ ಹಳೆಯ ಅನುಸ್ವಾರವಲ್ಲ ಇದು; ಅಕ್ಷರದ ಬಲಗಡೆ, ಮೇಲಕ್ಕೆ, ಹೆಗಲ ಮಟ್ಟಕ್ಕೆ ಏರಿ ನಿಂತ ಪುಟಾಣಿ ಸೊನ್ನೆ. 2022ರ ಸೆಪ್ಟೆಂಬರಿನಲ್ಲಿ, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನ 15.0 ಆವೃತ್ತಿ ಹೊರಬಂದಾಗ ಜಗತ್ತಿನ ಲಿಪಿಗಳ ಖಾತೆಗೆ 4,489 ಹೊಸ ಚಿಹ್ನೆಗಳು ಜಮೆಯಾದವು. ಅಷ್ಟು ದೊಡ್ಡ ಜಾತ್ರೆಯಲ್ಲಿ ಕನ್ನಡ ಲಿಪಿಯ ಪಾಲಿಗೆ ಬಂದದ್ದು ಇದೊಂದೇ. ಯಾರಿಗಾಗಿ ಬಂತು ಎಂದು ನೋಡಿದರೆ ಅಲ್ಲಿ ಮೂರು ಮಾತುಗಳ ಹೆಸರಿತ್ತು: ಕೊಂಕಣಿ, ಹವ್ಯಕ ಕನ್ನಡ ಮತ್ತು ತುಳಸೀದಾಸರು ರಾಮನ ಕಥೆ ಬರೆದ ಅವಧಿ ಭಾಷೆ.

ಮೊದಲ ಎರಡು ಹೆಸರು ಓದಿ ನನ್ನ ಮೈ ಜುಮ್ಮೆಂದಿತು. ಇವು ನಮ್ಮ ಉತ್ತರ ಕನ್ನಡದ ಮನೆಮಾತುಗಳು! ಜೋಯಿಡಾದ ಕಾಡಿನ ನಡುವಿನ ಕುಣಬಿ ಮನೆಗಳಲ್ಲಿ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿಗಳ ಹಾಡಿಗಳಲ್ಲಿ ಒಲೆ ಮುಂದೆ ಕೂತು ಆಡುವ ಮಾತು ಕೊಂಕಣಿ. ಬೆಳಗಾದರೆ ಆ ಮನೆಗಳ ಮಕ್ಕಳು ಕನ್ನಡ ಶಾಲೆಗೆ ಹೋಗಿ ಕನ್ನಡ ಅಕ್ಷರ ತಿದ್ದುತ್ತಾರೆ. ಮನೆಯ ಮಾತು ಶಾಲೆಯ ಲಿಪಿಯಲ್ಲಿ ಕೂರಬೇಕು. ಕೂರುವಾಗ ಎಲ್ಲಿ ಜಾಗ ಸಾಲದು ಗೊತ್ತೇ? ಮೂಗಿನ ಹತ್ತಿರ.

ಕೊಂಕಣಿಯಲ್ಲಿ ‘ತೆ’ ಎಂದರೆ ಅವರು, ಗಂಡಸರು. ಅದೇ ‘ತೆ’ಯನ್ನು ಮೂಗಿನಿಂದ ನುಡಿದರೆ ‘ಅದು’ ಎಂದಾಗಿಬಿಡುತ್ತದೆ. ಒಮ್ಮೆ ಅಂದು ನೋಡಿ: ತುಟಿ ತೆರೆದೇ ಇರಲಿ, ಉಸಿರು ಅರ್ಧ ಮೂಗಿನಿಂದ ಹೊರಡಲಿ. ಇದನ್ನು ಕನ್ನಡದಲ್ಲಿ ಬರೆಯುವುದು ಹೇಗೆ? ರೂಢಿಯಲ್ಲಿ ‘ತೆಂ’ ಎಂದು ಬರೆಯುತ್ತಾರೆ. ಆದರೆ ಕನ್ನಡ ಕಲಿತ ಕಣ್ಣು ಆ ಸೊನ್ನೆ ಕಂಡ ಕೂಡಲೇ ‘ತೆಮ್’ ಎಂದು ಟಪ್ಪನೆ ತುಟಿ ಮುಚ್ಚುತ್ತದೆ. ಮಾತು ಬಲ್ಲವರು ಸರಿ ಮಾಡಿಕೊಂಡು ಓದುತ್ತಾರೆ. ಈಗಷ್ಟೇ ಓದಲು ಕಲಿಯುತ್ತಿರುವ ಮಗು ಏನು ಮಾಡಬೇಕು? ಹೆಗಲೇರಿದ ಸೊನ್ನೆ ಹೇಳುವುದು ಇಷ್ಟೇ: ತುಟಿ ಮುಚ್ಚಬೇಡ, ಮೂಗಿನಲ್ಲಿ ನುಡಿ.

ಇಷ್ಟಕ್ಕೆ ಬೆರಗಾದವನಿಗೆ ಅದಕ್ಕಿಂತ ದೊಡ್ಡ ಬೆರಗು ಕಾದಿತ್ತು. ಯೂನಿಕೋಡ್ ಕೊಡುವುದು ಒಂದು ಸಂಖ್ಯೆಯನ್ನು, ಜೊತೆಗೆ ಮಾದರಿಗೊಂದು ರೂಪವನ್ನು. ಆ ಸೊನ್ನೆ ನಿಜಕ್ಕೂ ಪುಟದ ಮೇಲೆ ಮೂಡಬೇಕಾದರೆ ಪ್ರತಿಯೊಂದು ಫಾಂಟಿನಲ್ಲೂ ಯಾರೋ ಕೂತು ಅದನ್ನು ಬರೆಯಬೇಕು. ಎಷ್ಟು ದೊಡ್ಡದಾಗಿ? ತೀರಾ ಸಣ್ಣದಾದರೆ ಕಣ್ಣು ಮಂಜಾದ ಅಜ್ಜಿಗೆ ಕಾಣದು. ದೊಡ್ಡದಾದರೆ ಹಳೆಯ ಸೊನ್ನೆಯೋ ಹೊಸದೋ ಎಂದು ಗಲಿಬಿಲಿ. ಅದೂ ಎಂಥ ಜಾಗ! ಕನ್ನಡ ಅಕ್ಷರದ ತಲೆಯ ಮೇಲೆ ತಲಕಟ್ಟು ಮಲಗಿರುತ್ತದೆ, ಗುಡಿಸು ಸುರುಳಿ ಸುತ್ತಿಕೊಂಡಿರುತ್ತದೆ, ಏತ್ವ ಬಾಗಿರುತ್ತದೆ. ಹಳಿಯಾಳದ ಸಂತೆಯಲ್ಲಿ ತಡವಾಗಿ ಬಂದವರು ಬುಟ್ಟಿ ಇಡಲು ಜಾಗ ಹುಡುಕುವ ಹಾಗೆ ಈ ಸೊನ್ನೆ ಅಲ್ಲಿ ತನ್ನ ಜಾಗ ಹುಡುಕಿಕೊಳ್ಳಬೇಕು.

ಈ ಅಳತೆಯ ಪೇಚು ಹೊಸ ಸೊನ್ನೆಗಷ್ಟೇ ಅಲ್ಲ. ಈಗ ಒಂದು ಪುಸ್ತಕ ತೆಗೆಯಿರಿ. ಸಣ್ಣ ಅಕ್ಷರದ್ದೇ ಇರಲಿ. ಮೊಬೈಲ್ ಕ್ಯಾಮೆರಾವನ್ನು ಒಂದು ‘ದ’ದ ಮೇಲೆ ಹಿಡಿದು ದೊಡ್ಡದು ಮಾಡಿ. ದುಂಡು ಹೊಟ್ಟೆ, ಮೇಲೊಂದು ತಲಕಟ್ಟು. ಬುಡದಲ್ಲಿ ಕೂದಲೆಳೆಯಷ್ಟು ಸೀಳಿದರೆ ಅದು ‘ಧ’. ಆ ಹೊಟ್ಟೆಯೊಳಗೆ ಒಂದು ಚುಕ್ಕಿ ಇಟ್ಟರೆ ‘ಥ’! ‘ರ’ದ ನಡುವೆ ಚುಕ್ಕಿ ಬಿದ್ದರೆ ‘ಠ’. ‘ಪ’ದ ಹೊಟ್ಟೆ ಸೀಳಿದರೆ ‘ಷ’, ಬುಡ ಸೀಳಿದರೆ ‘ಫ’. ದನಕ್ಕೂ ಧನಕ್ಕೂ ನಡುವೆ ಇರುವುದು ಒಂದು ಗೀಟು. ಬಾಲ್ಯದಲ್ಲಿ ‘ಹೊಟ್ಟೆ ಸೀಳಿದ ಷ’ ಎಂದು ಕೂಗಿ ಕಲಿತದ್ದು ನೆನಪಿದೆಯಲ್ಲ? ಆ ಸೀಳಿನ ಅಳತೆ ತುಸು ತಪ್ಪಿದರೂ ದೃಷ್ಟಿ ಕಡಿಮೆಯಿರುವವರಿಗೆ ಎರಡು ಅಕ್ಷರ ಒಂದೇ ಆಗಿಬಿಡುತ್ತವೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಕಾಗದವೂ ಇದರಲ್ಲಿ ಪಾಲುದಾರ. ಕಾಳಿ ದಂಡೆಯ ದಾಂಡೇಲಿಯಲ್ಲಿ 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸುತ್ತಲಿನ ಕಾಡಿನ ಬಿದಿರನ್ನು ಅರೆದು ಎಷ್ಟೋ ಕಾಲ ಕಾಗದ ಮಾಡಿತು. ಕಾಗದ ಎಲ್ಲಿಯದೇ ಇರಲಿ, ಅದರ ಮೇಲೆ ಬಿದ್ದ ಶಾಯಿ ತುಸುವಾದರೂ ಹರಡುತ್ತದೆ. ಹರಡಿ ಮೊದಲು ನುಂಗುವುದು ಇವನ್ನೇ, ಥದ ಚುಕ್ಕಿಯ ಸುತ್ತಲಿನ ಬಯಲನ್ನು, ಷದ ಸೀಳಿನ ಇಕ್ಕೆಲದ ಬಿಳಿಯನ್ನು. ಬಲ್ಲ ಅಕ್ಷರಶಿಲ್ಪಿ ಇದನ್ನು ಮೊದಲೇ ಎಣಿಸಿ ಅಲ್ಲಿ ಬಿಳಿ ಜಾಗವನ್ನು ಒಂದು ಹಿಡಿ ಹೆಚ್ಚೇ ಬಿಡುತ್ತಾರೆ. ಓದುಗರ ಕಣ್ಣಿಗೆಂದು ಬಿಟ್ಟ ಆ ಖಾಲಿ ಜಾಗವನ್ನು ನೆನೆದರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಅಮೆರಿಕದ ಬ್ರೈಲ್ ಇನ್‌ಸ್ಟಿಟ್ಯೂಟ್ 2019ರಲ್ಲಿ ಮಂದದೃಷ್ಟಿಯವರಿಗಾಗಿ ‘ಅಟ್ಕಿನ್ಸನ್ ಹೈಪರ್‌ಲೆಜಿಬಲ್’ ಎಂಬ ಇಂಗ್ಲಿಷ್ ಫಾಂಟ್ ಮಾಡಿಸಿತು. ಅಲ್ಲಿನ ಹಟ ಒಂದೇ: ಒಂದು ಅಕ್ಷರ ಇನ್ನೊಂದರಂತೆ ಕಾಣಬಾರದು. ಅವರಿಗೆ ‘ಐ’ ಅಕ್ಷರ ಮತ್ತು ‘ಒಂದು’ ಅಂಕಿ ತೊಡಕಾದರೆ ನಮಗೆ ‘ಪ’ ‘ಷ’ ‘ಫ’. ಕನ್ನಡದಲ್ಲೂ ಕೈಗಳು ಸುಮ್ಮನಿಲ್ಲ. ಏಕ್ ಟೈಪ್ ಬಳಗ 2022ರಲ್ಲಿ ಹತ್ತು ಲಿಪಿಗಳಲ್ಲಿ ತಂದ ‘ಅನೇಕ್’ ಫಾಂಟಿನ ಕನ್ನಡ ಅಕ್ಷರಗಳು ವೈಷ್ಣವಿ ಮೂರ್ತಿ ಅವರವು. ಅದರ ಅಕ್ಷರಗಳನ್ನು ದಪ್ಪ ಮಾಡಬಹುದು, ಸಪೂರ ಮಾಡಬಹುದು, ಅಗಲಿಸಬಹುದು, ಕುಗ್ಗಿಸಬಹುದು, ರಬ್ಬರಿನ ಹಾಗೆ! ಅದೂ ಉಚಿತ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡಿಗೆ ಸೇರಿದ್ದರ ಹಿಂದೆಯೂ ವೈಷ್ಣವಿ ಅವರ ದುಡಿಮೆಯಿದೆ.

ನಮ್ಮ ನೆಲದಲ್ಲಿ ಇನ್ನೊಂದು ಲಿಪಿಗೂ ಇಂಥ ಕೈಗಳು ದುಡಿದಿವೆ; ಮುಂಡಗೋಡಕ್ಕೆ ಬನ್ನಿ. 1966ರಲ್ಲಿ ಇಲ್ಲಿ ಟಿಬೆಟಿಯನ್ನರ ನೆಲೆ ಶುರುವಾಯಿತು. ದ್ರೆಪುಂಗ್, ಗಾಂದೆನ್ ಮಠಗಳು ಮೆಕ್ಕೆಜೋಳದ ಹೊಲಗಳ ಪಕ್ಕ ಮತ್ತೆ ಎದ್ದವು. ಅವುಗಳ ಸೋದರ ಮಠ ಬೈಲಕುಪ್ಪೆಯ ಸೆರಾ. ಅಲ್ಲಿನ ಭಿಕ್ಷು ಗೆಶೆ ಲೋಬ್ಸಾಂಗ್ ಮೋನ್ಲಮ್ ಟಿಬೆಟನ್ ಅಕ್ಷರಗಳಿಗೆ ಕಂಪ್ಯೂಟರ್ ಫಾಂಟ್ ಮಾಡಿದರು. ಅವರ ಮುಂದಾಳತ್ವದ ನಿಘಂಟು 2022ರಲ್ಲಿ 223 ಸಂಪುಟಗಳಲ್ಲಿ ಬಂತು. ಕರ್ನಾಟಕದ ನೆಲದಲ್ಲಿ ಕೂತು ಒಬ್ಬ ಸನ್ಯಾಸಿ ತನ್ನ ಜನರ ಲಿಪಿಯನ್ನು ಪರದೆಯ ಮೇಲೆ ತಂದರು!

ಆ ಲಿಪಿಯನ್ನು ಹತ್ತಿರದಿಂದ ನೋಡಿ. ನಮ್ಮ ಒತ್ತಕ್ಷರದಂತೆಯೇ ಅಲ್ಲೂ ಅಕ್ಷರದ ಕೆಳಗೆ ಅಕ್ಷರ ನೇತಾಡುತ್ತದೆ. ಎರಡೂ ಬ್ರಾಹ್ಮಿಯ ಮಕ್ಕಳು. ಒಂದು ತೆಂಕಣಕ್ಕೆ ಇಳಿದು ದುಂಡಗಾಯಿತು, ಇನ್ನೊಂದು ಹಿಮಾಲಯ ದಾಟಿತು. ನೂರಾರು ವರ್ಷಗಳ ಮೇಲೆ ಮುಂಡಗೋಡದ ಬೋರ್ಡುಗಳ ಮೇಲೆ ದಾಯಾದಿಗಳು ಅಕ್ಕಪಕ್ಕ ನಿಂತಿವೆ. ಟಿಬೆಟನ್ನಿನಲ್ಲಿ ಪದಗಳ ನಡುವೆ ನಮ್ಮ ಹಾಗೆ ಖಾಲಿ ಜಾಗ ಬಿಡುವುದಿಲ್ಲ. ಒಂದೊಂದು ಉಚ್ಚಾರಾಂಶ ಮುಗಿದಾಗಲೂ ಒಂದು ಚುಕ್ಕಿ ಇಡುತ್ತಾರೆ. ಅದನ್ನು ‘ತ್ಸೆಗ್’ ಎನ್ನುತ್ತಾರೆ. ಅದಿಲ್ಲದಿದ್ದರೆ ಓದು ಮುಂದೆ ಸಾಗದು.

ಆ ಚುಕ್ಕಿ ಎಲ್ಲಿದೆ ಎಂದು ಫಲಕದ ಕೆಳಗೆ ನಿಂತು ಕತ್ತೆತ್ತಿ ನೋಡಿ. ಅಕ್ಷರದ ಬಲಗಡೆ, ಮೇಲೆ, ಹೆಗಲ ಮಟ್ಟದಲ್ಲಿ. ಜೋಯಿಡಾದ ಕೊಂಕಣಿಗೆ ಸಿಕ್ಕ ಸೊನ್ನೆ ಏರಿ ನಿಂತ ಅದೇ ಜಾಗದಲ್ಲಿ.