ನಳ, ಗಟಾರ, ಉತಾರ

ಹುಲಗೂರಿನಲ್ಲಿ ಪಂಚಾಯಿತಿ ಕಚೇರಿ ನಡೆದು ಹೋಗುವಷ್ಟು ದೂರ. ಪಿಡಿಒ ಮೀಟಿಂಗಿಗೆ ಹೋಗಿದ್ದರೆ ಬಿಲ್ ಕಲೆಕ್ಟರ್, ಅವರೂ ಇಲ್ಲದಿದ್ದರೆ ವಾಟರ್‌ಮನ್. ಯಾರಾದರೊಬ್ಬರು ಕಟ್ಟೆಯ ಮೇಲೆ ಸಿಕ್ಕೇ ಸಿಗುತ್ತಾರೆ. ಇದೇ ಸೀಮೆಯ ಸವಣೂರಿಗೆ ಹೋಗಿ ಮನೆ ಮಾಡಿದವರಿಗೆ ಮಾತ್ರ ಪುರಸಭೆ ಎಂಬ ಬೇರೆಯೇ ಲೋಕದ ಪರಿಚಯವಾಗುತ್ತದೆ. ನವಾಬರ ಊರು, ವೀಳ್ಯದೆಲೆಯ ಊರು, ಪಕ್ಕದಲ್ಲೇ ಮೋತಿ ತಲಾಬ್ ಎಂಬ ಕೆರೆ ಇರುವ ಊರು. 2011ರ ಜನಗಣತಿಯಲ್ಲಿ ಜನಸಂಖ್ಯೆ 40 ಸಾವಿರದ ಆಸುಪಾಸು.

1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಊರುಗಳನ್ನು ತಲೆ ಎಣಿಸಿ ವಿಂಗಡಿಸುತ್ತದೆ. 20 ಸಾವಿರದೊಳಗಿದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, ಅದರಾಚೆ ನಗರಸಭೆ. ನಮ್ಮ ಹಾವೇರಿ ಜಿಲ್ಲೆಯಲ್ಲೇ ಮೂರೂ ಇವೆ: ಹಿರೇಕೆರೂರಿನದು ಪಟ್ಟಣ ಪಂಚಾಯಿತಿ, ಹಾನಗಲ್ಲು, ಶಿಗ್ಗಾಂವಿ, ಸವಣೂರಿನವು ಪುರಸಭೆ, ಹಾವೇರಿಯದು ನಗರಸಭೆ. ಪುರಸಭೆಗೆ ಜನ ಆರಿಸಿದ ಸದಸ್ಯರು ತಮ್ಮೊಳಗಿಂದ ಆರಿಸಿದ ಅಧ್ಯಕ್ಷರಿರುತ್ತಾರೆ, ಸರ್ಕಾರ ಕಳಿಸಿದ ಮುಖ್ಯಾಧಿಕಾರಿ ಇರುತ್ತಾರೆ. ಗೋಡೆಯ ಮೇಲಿನ ಬೋರ್ಡಿನಲ್ಲಿ ಅಧ್ಯಕ್ಷರ ಹೆಸರು ಮೇಲಿದ್ದರೂ ಕಡತಕ್ಕೆ ಬೇಕಾದ ಸಹಿ ಮುಖ್ಯಾಧಿಕಾರಿಯದು.

ಜನ ಅಲ್ಲಿಗೆ ಹೋಗುವುದು ಬಹುತೇಕ ಮೂರು ಕೆಲಸಕ್ಕೆ: ನಳ, ಗಟಾರ, ಉತಾರ. ಹಳ್ಳಿಯಲ್ಲಿ ಆಸ್ತಿಯ ಉತಾರವೆಂದು ನಮೂನೆ 9 ಮತ್ತು 11 ಕೇಳಿದವರು ಪಟ್ಟಣದಲ್ಲಿ ನಮೂನೆ 3 ಕೇಳಬೇಕು. ಮನೆಯ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದವರಿಗೆ ಶೇ. 5ರಷ್ಟು ರಿಯಾಯಿತಿ ಉಂಟು. ಇದನ್ನು ತಿಳಿದವರು ಕಡಿಮೆ, ತಿಳಿದೂ ಮೇ ತಿಂಗಳಿಗೆ ತಳ್ಳುವವರು ಹೆಚ್ಚು. ಗಟಾರದ ಲೆಕ್ಕವೂ ಸರಳವೇ: 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎಂದು ಸರ್ಕಾರದ ನಿಯಮ. ಹದಿನೈದು ವರ್ಷ ಹಳೆಯ ಜನಗಣತಿ ಹಿಡಿದರೂ ಸವಣೂರಿಗೆ ಐವತ್ತೇಳು ಮಂದಿ ಬೇಕು. ಊರು ಮಾತ್ರ 2011ಕ್ಕೇ ನಿಂತಿಲ್ಲ.

ಇನ್ನು ನೀರು. ಪಟ್ಟಣಗಳಿಗೆ ಪೈಪು, ಟ್ಯಾಂಕು ಕಟ್ಟಿಕೊಡುವುದು ಸಾಮಾನ್ಯವಾಗಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕೈಗೆ ಬಂದ ಮೇಲೆ ನಡೆಸುವುದು ಪುರಸಭೆ. ಕೆರೆ ಮಾತ್ರ ಬಹಳ ಕಡೆ ಪುರಸಭೆಯ ಕೈಯಲ್ಲಿಲ್ಲ. ಅಚ್ಚುಕಟ್ಟು 40 ಹೆಕ್ಟೇರ್ ಮೀರಿದ ಕೆರೆ ಸಣ್ಣ ನೀರಾವರಿ ಇಲಾಖೆಯದು, ಒತ್ತುವರಿ ತೆಗೆಸಲು ಕಂದಾಯ ಇಲಾಖೆ ಬೇಕು, ಜಿಲ್ಲಾ ಮಟ್ಟದ ಕೆರೆ ಸಮಿತಿಗೆ ಜಿಲ್ಲಾಧಿಕಾರಿ ಮುಖ್ಯಸ್ಥರು. ಊರಿನ ಗಟಾರ ಹರಿದು ಕೆರೆ ಸೇರಿದರೆ ಗಟಾರ ಒಬ್ಬರದು, ಕೆರೆ ಇನ್ನೊಬ್ಬರದು. ದೂರು ಹಿಡಿದು ಅಲೆಯುವ ಕೆಲಸವಷ್ಟೇ ನಮ್ಮದು.

ಅಧ್ಯಕ್ಷರ ಕುರ್ಚಿಯ ಕತೆ ಇನ್ನೂ ವಿಚಿತ್ರ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು. ಮೀಸಲಾತಿ ಪಟ್ಟಿ ಕೋರ್ಟು ಹತ್ತಿದ್ದರಿಂದ ಗೆದ್ದವರಲ್ಲಿ ಬಹಳ ಮಂದಿ ಅಧ್ಯಕ್ಷರನ್ನು ಆರಿಸಲು 2020ರ ಕೊನೆಯವರೆಗೆ ಕಾದರು. ಮೊದಲ ಮೂವತ್ತು ತಿಂಗಳ ಅವಧಿ 2023ರಲ್ಲಿ ಮುಗಿದರೆ, ಎರಡನೆಯದಕ್ಕೆ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ನಡುವೆ ಆಡಳಿತಾಧಿಕಾರಿಗಳೇ ಊರು ನಡೆಸಿದರು. ಅಷ್ಟು ತಿಂಗಳು ಅಧ್ಯಕ್ಷರಿಲ್ಲದ್ದು ಎಷ್ಟು ಮನೆಗಳಿಗೆ ತಿಳಿಯಿತೋ ಕಾಣೆ. ವಾಲ್ವ್ ತಿರುಗಿಸುವಾತ ಎರಡು ದಿನ ರಜೆ ಹಾಕಿದರೆ ಓಣಿಗೆ ಓಣಿಯೇ ಬೀದಿಗೆ ಬರುತ್ತದೆ.

ಪಟ್ಟಣದವರಿಗೆ ಹಳ್ಳಿಯವರಿಗಿಂತ ಒಂದು ಹಕ್ಕು ಕಡಿಮೆ ಎಂಬುದನ್ನು ಬಹಳ ಜನ ಗಮನಿಸಿಲ್ಲ. ಹುಲಗೂರಿನ ಮತದಾರರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕೆಂಬುದು ಕಾನೂನು. ಪಟ್ಟಣದಲ್ಲಿ ಅಂಥ ಸಭೆಯೇ ಇಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಿಗೆ. ಸವಣೂರಿನಂಥ ಊರಿನವರು ಐದು ವರ್ಷಕ್ಕೊಮ್ಮೆ ಮತ ಹಾಕಬೇಕು, ಉಳಿದಂತೆ ಅರ್ಜಿ ಬರೆಯಬೇಕು.

ಅರ್ಜಿಯೂ ಮುಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು 2010ರ ಜುಲೈ ತಿಂಗಳಲ್ಲಿ ಇದೇ ಸವಣೂರು ದೇಶಕ್ಕೆ ತೋರಿಸಿತು. ತಲೆಮಾರುಗಳಿಂದ ಊರಿನ ಮಲ ಹೊತ್ತ ಭಂಗಿ ಸಮುದಾಯದ ಕುಟುಂಬಗಳು ವಾಸವಿದ್ದ ಜಾಗ ವಾಣಿಜ್ಯ ಮಳಿಗೆಗೆ ಬೇಕಾಗಿತ್ತು. ನೀರನ್ನೂ ನಿಲ್ಲಿಸಲಾಗಿದೆ ಎಂಬುದು ಅವರ ದೂರು. ಕೇಳುವವರು ಸಿಗದಾಗ ಅವರು ಪುರಸಭೆ ಕಚೇರಿಯ ಮುಂದೆ ನಿಂತು ಮಲವನ್ನು ತಮ್ಮ ಮೈಗೇ ಸುರಿದುಕೊಂಡರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಬಸವಲಿಂಗಪ್ಪನವರು ದೇವರಾಜ ಅರಸು ಸಂಪುಟದಲ್ಲಿದ್ದಾಗ, 1970ರ ದಶಕದಲ್ಲೇ ನಿಷೇಧಿಸಿದ್ದರು. ಅದಾಗಿ ಮೂರು ದಶಕ ಮೀರಿತ್ತು. ಆ ದಿನದ ಮೇಲೆ ಮಂತ್ರಿಗಳು, ಅಧಿಕಾರಿಗಳು, ಮಠಾಧೀಶರು, ಪತ್ರಕರ್ತರು ಸವಣೂರಿನ ದಾರಿ ಹಿಡಿದರು. ಪುರಸಭೆಯ ಹಣದಲ್ಲಿ ಶೇ. 24.10 ಪರಿಶಿಷ್ಟರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಎಂದು ಮೀಸಲಿಡುವ ನಿಯಮವಿದೆ. ಇಂಥ ಶೀರ್ಷಿಕೆಯ ಕೆಳಗೆ ಏನೇನು ಖರ್ಚಾಗಿದೆ ಎಂದು ಓದುವ ಚಟ ನಮಗೆ ಇನ್ನಾದರೂ ಹತ್ತಬೇಕು.

ಅದಕ್ಕೊಂದು ಕಿಂಡಿ ಇದೆ. ಬಜೆಟ್ ಮಂಡಿಸುವ ಮುನ್ನ ಪುರಸಭೆ ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ನಡೆಸಬೇಕು. ಸಾಮಾನ್ಯವಾಗಿ ಚಳಿಗಾಲದಲ್ಲಿ ಅದರ ಪ್ರಕಟಣೆ ಹೊರಡುತ್ತದೆ. ನೋಟಿಸ್ ಬೋರ್ಡ್ ನೋಡಿ ಹೋದವರು ಅಲ್ಲಿ ಮಾತಾಡಬಹುದು, ಮಾತು ನಡಾವಳಿಯಲ್ಲಿ ಬರೆಯಿಸಿಕೊಳ್ಳಬಹುದು, ಮುಂದಿನ ವರ್ಷ ಅದೇ ನಡಾವಳಿಯ ನಕಲು ಕೇಳಬಹುದು.