ದಾದಿಯರ ಮನೋಭಾರ

ರೋಗಿಯ ಶುಶ್ರೂಷೆಯು ಕೈಕಾಲುಗಳ ಶ್ರಮವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಾಸಿಗೆ ಸರಿಪಡಿಸುವುದು, ಔಷಧ ಕೊಡುವುದು, ಸೂಜಿ ಚುಚ್ಚುವುದು ಇವು ಕಣ್ಣಿಗೆ ಕಾಣುವ ಕಾರ್ಯಗಳು. ಇವುಗಳ ಹಿಂದೆ ಕಾಣದಿರುವ ಇನ್ನೊಂದು ಭಾರವಿದೆ; ಅದು ಮನಸ್ಸಿನ ಭಾರ. 2020 ಮತ್ತು 2021ರ ಕೊರೋನಾ ಮಹಾಮಾರಿಯ ಕಾಲದಲ್ಲಿ ಕೊಲ್ಹಾಪುರದ ಛತ್ರಪತಿ ಪ್ರಮಿಳಾರಾಜೇ ರುಗ್ಣಾಲಯ, ಇಚಲಕರಂಜಿಯ ಇಂದಿರಾ ಗಾಂಧಿ ರುಗ್ಣಾಲಯ, ಗಡಹಿಂಗ್ಲಜದ ಉಪಜಿಲ್ಲಾ ರುಗ್ಣಾಲಯ ಇವುಗಳಲ್ಲಿ ದುಡಿದ ದಾದಿಯರು ಈ ಭಾರವನ್ನು ಹೊತ್ತರು. ಅದರ ಸ್ವರೂಪವನ್ನು ವಿದ್ಯಾರ್ಥಿಗಳೂ ಪಾಲಕರೂ ಅರಿಯುವುದು ಅವಶ್ಯ.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ರೋಗಿಯೊಬ್ಬನಿಗೆ 1000 ಮಿಲಿಲೀಟರ್ ಸಲಾಯಿನನ್ನು 8 ತಾಸುಗಳಲ್ಲಿ ಏರಿಸಬೇಕಾಗಿದೆ. 1 ಮಿಲಿಲೀಟರಿಗೆ 20 ಹನಿಗಳಾಗುವ ನಳಿಕೆಯಿದ್ದರೆ, ಮಿನಿಟಿಗೆ ಸುಮಾರು 42 ಹನಿಗಳು ಬೀಳತಕ್ಕದ್ದು. ಕಾಗದದ ಮೇಲೆ ಇದು ಸುಲಭ. ದಾದಿಯಾದರೋ ಗಡಿಯಾರವನ್ನು ನೋಡುತ್ತ ಹನಿಗಳನ್ನೆಣಿಸುತ್ತಿರುವಾಗಲೇ, ಪಕ್ಕದ ರೋಗಿಯ ರಕ್ತದಲ್ಲಿಯ ಪ್ರಾಣವಾಯು ಇಳಿಯಿತೆಂದು ಯಂತ್ರವು ಕೂಗುತ್ತದೆ. ಅವಳು ಅತ್ತ ಧಾವಿಸಬೇಕು. ಮರಳಿ ಬಂದು ಎಣಿಕೆಯನ್ನು ಮೊದಲಿನಿಂದ ಆರಂಭಿಸಬೇಕು. ಈ ನಡುವೆ ಮೂರನೆಯವನ ಔಷಧದ ವೇಳೆಯನ್ನು ಮರೆಯಕೂಡದು. ಇಚಲಕರಂಜಿಯ ನೇಕಾರನೂ ಏಕಕಾಲಕ್ಕೆ ಹಲವು ಮಗ್ಗಗಳ ಮೇಲೆ ಕಣ್ಣಿಡುತ್ತಾನೆ. ಎಳೆ ಹರಿದರೆ ಅವನು ಮಗ್ಗವನ್ನು ನಿಲ್ಲಿಸಿ ಗಂಟು ಹಾಕಬಲ್ಲನು. ರೋಗಿಯ ಉಸಿರನ್ನು ಹಾಗೆ ನಿಲ್ಲಿಸಿಡಲು ಬರುವುದಿಲ್ಲ.

ಇಂಥ ಭಾರವನ್ನು ಅಳೆಯುವುದಕ್ಕಾಗಿ ಅಮೇರಿಕೆಯ ಸಾಂಡ್ರಾ ಹಾರ್ಟ್ ಮತ್ತು ಲೊವೆಲ್ ಸ್ಟೇವ್‌ಲ್ಯಾಂಡ್ ಎಂಬ ಸಂಶೋಧಕರು 1988ರಲ್ಲಿ ಒಂದು ಮಾನದಂಡವನ್ನು ಪ್ರಕಟಿಸಿದರು. ಬುದ್ಧಿಯ ಶ್ರಮ, ದೇಹದ ಶ್ರಮ, ಕಾಲದ ಒತ್ತಾಯ, ಕಾರ್ಯದ ಸಫಲತೆ, ಪಟ್ಟ ಪ್ರಯಾಸ, ಉಂಟಾದ ಹತಾಶೆ ಈ ಆರು ಅದರ ಅಂಗಗಳು. ವಿಮಾನ ನಡೆಯಿಸುವವರ ಶ್ರಮವನ್ನು ಅಳೆಯಲು ಬಳಸಿದ ಈ ಮಾನದಂಡವನ್ನೇ ಮಹಾಮಾರಿಯಲ್ಲಿ ಅನೇಕ ದೇಶಗಳು ದಾದಿಯರಿಗೂ ಬಳಸಿದವು. ಮೈತುಂಬ ರಕ್ಷಾಕವಚ, ಎರಡೆರಡು ಕೈಚೀಲ, ಬೆವರಿನ ಆವಿಯಿಂದ ಮಸುಕಾಗುವ ಕನ್ನಡಕ, ತಾಸುಗಟ್ಟಲೆ ನೀರಿಲ್ಲದ ಗಂಟಲು. ಇವುಗಳಿಂದಾಗಿ ನಿತ್ಯದ ಸುಲಭ ಕಾರ್ಯವೂ ದುಸ್ತರವಾಯಿತು.

ಭಾರವು ಶಕ್ತಿಯನ್ನು ಮೀರಿದಾಗ ಮನಸ್ಸು ಕುಗ್ಗುತ್ತದೆ. ಸೋಂಕಿನ ಭಯದಿಂದ ಬಂಧುಗಳಿಗೆ ಪ್ರವೇಶವಿರಲಿಲ್ಲ. ಆದುದರಿಂದ ರೋಗಿಯ ಮಾತನ್ನು ಮನೆಗೂ, ಮನೆಯ ಮಾತನ್ನು ರೋಗಿಗೂ ತಲುಪಿಸುವ ಹೊಣೆ ದಾದಿಯದಾಯಿತು. ಕನ್ನಡ ಮರಾಠಿಗಳೆರಡೂ ಬಾಳುವ ಗಡಹಿಂಗ್ಲಜದಂಥ ಸೀಮೆಯಲ್ಲಿ, ಮುಖವನ್ನೂ ಕಾಣದ ವೃದ್ಧರಿಗೆ ತಮ್ಮ ನುಡಿಯ ಒಂದು ಮಾತೇ ಆಸರೆ. ಅಂತ್ಯಕಾಲದಲ್ಲಿ ಕೈ ಹಿಡಿದು ಕುಳಿತವಳೂ ದಾದಿಯೇ. ಪಾಳಿ ಮುಗಿದ ಮೇಲೆಯೂ, ರೋಗವನ್ನು ತನ್ನ ಮಕ್ಕಳ ಬಳಿಗೆ ಒಯ್ಯುವೆನೇನೋ ಎಂಬ ಅಂಜಿಕೆ ಅವಳನ್ನು ಬಿಡಲಿಲ್ಲ.

2020ರ ಮಾರ್ಚ್ 22ರ ಸಂಜೆ ದೇಶವೆಲ್ಲ ಚಪ್ಪಾಳೆ ತಟ್ಟಿ ಇವರನ್ನು ಗೌರವಿಸಿತು. ಅದು ಉಚಿತವೇ, ಆದರೆ ಹೊಗಳಿಕೆಯಿಂದ ಹೊರೆ ಇಳಿಯದು. ಸಾಕಷ್ಟು ಸಂಖ್ಯೆಯ ದಾದಿಯರು, ನಿಯಮಿತ ವಿಶ್ರಾಂತಿ, ದುಃಖವನ್ನು ಹೇಳಿಕೊಳ್ಳಲು ಒಂದು ಕಿವಿ ಇವೇ ನಿಜವಾದ ಉಪಾಯಗಳು. ದಣಿದ ಮನಸ್ಸು ಎಣಿಕೆಯಲ್ಲಿ ತಪ್ಪುತ್ತದೆ; ಆ ತಪ್ಪಿನ ಫಲವನ್ನು ಉಣ್ಣುವವನು ರೋಗಿ.

ಇನ್ನೊಂದು ಉಪಾಯವು ನಮ್ಮ ಕೈಯಲ್ಲಿಯೇ ಇದೆ. ರಾತ್ರಿಪಾಳಿ ಮುಗಿಸಿ ಬಂದ ತಾಯಿಯೋ ಅಕ್ಕನೋ ನೆರೆಯವಳೋ ಹಗಲಿನಲ್ಲಿ ಮಲಗಿದ್ದರೆ, ಬಾಲಕರು ಗದ್ದಲ ಮಾಡದಿರಲಿ. ಹಿರಿಯರು ಮನೆಗೆಲಸವನ್ನು ಹಂಚಿಕೊಳ್ಳಲಿ. ಅವಳ ಆ ನಿದ್ರೆಯೂ ರೋಗಿಯ ಉಪಚಾರದ ಒಂದು ಭಾಗವೆಂದು ನಾವು ತಿಳಿಯತಕ್ಕದ್ದು.